ಪತ್ತೇದಾರನ ಮೊದಲ ಪರಿಚಯ

ಪತ್ತೇದಾರಿ ಕಾದಂಬರಿಯೊಂದನ್ನು ಓದಿ ಸಂತೋಷಪಟ್ಟೆನೆಂದು ವಿದ್ವತ್ಸಭೆಯಲ್ಲಿ ಹೇಳಿಕೊಳ್ಳುವವರು ವಿರಳ. ಉಡುಪಿಯಿಂದ ಕಾರ್ಕಳಕ್ಕೆ ಹೋಗುವ ಬಸ್ಸಿನಲ್ಲಿ ಓದಿ, ಇಳಿಯುವಾಗ ಚೀಲದೊಳಗೆ ಅಡಗಿಸಬೇಕಾದ ಪುಸ್ತಕ ಅದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಈ ಸಂಕೋಚಕ್ಕೆ ಕಾರಣವಿಲ್ಲವೆಂದೇ ನನ್ನ ಅಭಿಪ್ರಾಯ. ಅದರಲ್ಲೂ ಇಂಥ ಮಾಲೆಯೊಂದರ ಮೊದಲ ಕಾದಂಬರಿ ನೀಡುವ ಸಂತೋಷವು ವಿಚಾರಕ್ಕೆ ಅರ್ಹವಾದುದು.

ಮಾಲೆಯ ಹತ್ತನೆಯ ಪುಸ್ತಕವನ್ನು ತೆರೆಯುವ ಹೊತ್ತಿಗೆ ಪತ್ತೇದಾರನು ನಮಗೆ ಹಳೆಯ ನೆಂಟನಾಗಿರುತ್ತಾನೆ. ಮೊದಲ ಪುಸ್ತಕದಲ್ಲಿ ಹಾಗಲ್ಲ. ಅಲ್ಲಿ ರಹಸ್ಯಗಳು ಎರಡು: ಅಪರಾಧಿ ಯಾರು ಎಂಬುದೊಂದು, ಪತ್ತೇದಾರ ಎಂಥವನು ಎಂಬುದಿನ್ನೊಂದು. 1887ರಲ್ಲಿ ಪ್ರಕಟವಾದ ಕಾನನ್ ಡಾಯಲನ 'ಎ ಸ್ಟಡಿ ಇನ್ ಸ್ಕಾರ್ಲೆಟ್' ಇದಕ್ಕೆ ನಿದರ್ಶನ. ತನ್ನೊಡನೆ ಮನೆ ಹಂಚಿಕೊಂಡ ಷರ್ಲಾಕ್ ಹೋಮ್ಸ್ ಯಾವ ಉದ್ಯೋಗದವನೆಂದು ತಿಳಿಯದ ಡಾಕ್ಟರ್ ವಾಟ್ಸನ್, ಅವನಿಗೆ ಗೊತ್ತಿರುವ ವಿದ್ಯೆಗಳನ್ನೂ ಗೊತ್ತಿಲ್ಲದವನ್ನೂ ಪಟ್ಟಿಮಾಡುತ್ತಾನೆ. ಏನೂ ಹೊಳೆಯದೆ ಪಟ್ಟಿಯನ್ನು ಬೆಂಕಿಗೆ ಎಸೆಯುತ್ತಾನೆ. ಕಥೆಯು ನಡುವೆ ಅಮೆರಿಕಕ್ಕೆ ಹೋಗಿ ಬಹಳ ಹೊತ್ತು ಅಲ್ಲಿಯೇ ನಿಲ್ಲುವುದು ದೋಷವೇ ಸರಿ. ಆದರೂ ಆ ಮೊದಲ ಭೇಟಿಯ ಕುತೂಹಲ ಮುಂದಿನ ಯಾವ ಕಥೆಯಲ್ಲಿಯೂ ಮರಳಿ ಬಾರದು.

ಕನ್ನಡದಲ್ಲಿ ಈ ಕುತೂಹಲವನ್ನು ಮನೆಮನೆಗೆ ಮುಟ್ಟಿಸಿದವರು ಎನ್. ನರಸಿಂಹಯ್ಯನವರು. 1952ರಲ್ಲಿ ಬಂದ ಅವರ ಮೊದಲ ಕಾದಂಬರಿ 'ಪತ್ತೇದಾರ ಪುರುಷೋತ್ತಮ'. ಮೊದಲು ಉದ್ಯೋಗ, ಆಮೇಲೆ ಹೆಸರು, ಶೀರ್ಷಿಕೆಯೇ ಪರಿಚಯಪತ್ರ. ಪ್ರಾಥಮಿಕ ಶಾಲೆಗಿಂತ ಹೆಚ್ಚು ಕಲಿಯಲಾಗದ ಅವರು ಐನೂರಕ್ಕೂ ಮಿಕ್ಕಿ ಕಾದಂಬರಿಗಳನ್ನು ಬರೆದು, ಪಠ್ಯಪುಸ್ತಕದಾಚೆಗೆ ಕನ್ನಡ ಓದದ ಎಷ್ಟೋ ಜನರ ಕೈಗೆ ಪುಸ್ತಕವನ್ನಿತ್ತರು. ಸಾಹಿತ್ಯಚರಿತ್ರೆಗಳು ಈ ಉಪಕಾರವನ್ನು ತಕ್ಕಷ್ಟು ನೆನೆದಿಲ್ಲ.

ಸುಳಿವು ಹಿಡಿದು ಸತ್ಯವನ್ನು ಕಾಣುವುದು ಹಗುರವಾದ ವಿದ್ಯೆಯೆ? ಕಾರ್ಕಳದ ಬಳಿಯ ನಂದಳಿಕೆಯ ಲಕ್ಷ್ಮೀನಾರಣಪ್ಪನವರು (1870–1901) ಉಡುಪಿಯಲ್ಲಿ ವ್ಯಾಯಾಮದ ಉಪಾಧ್ಯಾಯರಾಗಿದ್ದವರು. ತಾವೇ ರಚಿಸಿದ ಕಾವ್ಯಗಳನ್ನು ಹಿಂದಿನ ಕಾಲದ ಕವಿಯೊಬ್ಬನವೆಂದು ಹೇಳಿ ಅವರು ಮೈಸೂರಿಗೆ ಕಳುಹಿಸಿದರು. ಮುದ್ದಣನೆಂದರೆ ಆ ಬಡ ಉಪಾಧ್ಯಾಯರೇ ಎಂಬುದು ಲೋಕಕ್ಕೆ ನಿಶ್ಚಯವಾದದ್ದು ಅವರು ತೀರಿಕೊಂಡ ಮೇಲೆ. ಪದ, ಪ್ರಯೋಗ, ಕಾಲಗಳನ್ನು ಒರೆಗೆ ಹಚ್ಚಿ ಕೃತಿಯ ಕರ್ತೃವನ್ನು ನಿರ್ಣಯಿಸುವ ಸಂಶೋಧಕನೂ ಒಬ್ಬ ಪತ್ತೇದಾರನೇ. ಅವನನ್ನು ಗೌರವಿಸುವ ನಾವು, ಅದೇ ಬುದ್ಧಿಯನ್ನು ಕಥೆಯ ಮೂಲಕ ಎಳೆಯರಲ್ಲಿ ಎಚ್ಚರಿಸುವ ಪುಸ್ತಕವನ್ನು ಮಾತ್ರ ಕೀಳೆನ್ನುವುದು ನ್ಯಾಯವಲ್ಲ.

ಎಲ್ಲ ಪತ್ತೇದಾರಿ ಕಾದಂಬರಿಗಳೂ ಒಳ್ಳೆಯವಲ್ಲ. ಎಲ್ಲ ಭಾವಗೀತೆಗಳೂ ಒಳ್ಳೆಯವಲ್ಲವಷ್ಟೆ. ಉಡುಪಿ, ಮಣಿಪಾಲಗಳ ಅಧ್ಯಾಪಕ ಮಿತ್ರರಲ್ಲಿ ನನ್ನದೊಂದು ಬಿನ್ನಹ. ಮೇಜಿನಡಿಯಲ್ಲಿ ಇಂಥ ಪುಸ್ತಕವನ್ನು ಓದುತ್ತ ಸಿಕ್ಕಿಬಿದ್ದ ವಿದ್ಯಾರ್ಥಿಯಿಂದ ಅದನ್ನು ಕಸಿದುಕೊಳ್ಳಬೇಡಿ. ಅಪರಾಧಿ ಯಾರೆಂದು ಅವನ ಊಹೆ, ಆ ಊಹೆಗೆ ಆಧಾರವೇನು ಎಂದು ಕೇಳಿರಿ. ಅವನು ಕಾರಣಸಹಿತ ಉತ್ತರ ಕೊಟ್ಟರೆ, ಆ ದಿನದ ಪಾಠ ಆಯಿತೆಂದೇ ತಿಳಿಯಬಹುದು.