ಹಳೆ ಕಾರಿನ ಇಂಡಿಕೇಟರ್ ಕೆಟ್ಟರೆ ಫ್ಲಾಶರ್ ಬದಲಿಸಲೇಬೇಕೇ?

ಅಂಬಾಸಿಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಪ್ರೀಮಿಯರ್ ಪದ್ಮಿನಿ ಅದಕ್ಕೂ ಮೊದಲೇ ನಿಂತಿತ್ತು. ಆದರೂ ಇವನ್ನು ಜೋಪಾನ ಮಾಡಿ ಓಡಿಸುವವರು ಇಂದಿಗೂ ಇದ್ದಾರೆ. ಇಂಥ ಕಾರುಗಳ ಇಂಡಿಕೇಟರ್ ಕೈಕೊಟ್ಟಾಗ ಸಾಮಾನ್ಯವಾಗಿ ಮೂರು ಸಲಹೆಗಳು ಕೇಳಿಬರುತ್ತವೆ: ‘ಫ್ಲಾಶರ್ ಬದಲಿಸಿ’, ‘ಎಲ್‌ಇಡಿ ಬಲ್ಬ್ ಹಾಕಿ’, ‘ಫ್ಯೂಸ್ ಹೋಗಿದ್ದರೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿ’. ಇವುಗಳಲ್ಲಿ ಎಷ್ಟು ನಿಜ? ಒಂದೊಂದಾಗಿ ನೋಡೋಣ.

ಇಂಡಿಕೇಟರ್ ಮಿನುಗುವುದು ಹೇಗೆ?

ಹಳೆ ಕಾರಿನ ಫ್ಲಾಶರ್ ಎಂದರೆ ಒಂದು ಪುಟ್ಟ ಡಬ್ಬಿ. ಅದರೊಳಗಿನ ಲೋಹದ ಪಟ್ಟಿ ಅಥವಾ ತಂತಿ ಕರೆಂಟ್ ಹರಿದಾಗ ಬಿಸಿಯಾಗಿ ಹಿಗ್ಗುತ್ತದೆ, ತಣ್ಣಗಾದಾಗ ಮೊದಲಿನಂತಾಗುತ್ತದೆ. ಇದರಿಂದ ಸಂಪರ್ಕ ಕೂಡುತ್ತಾ ಬಿಡುತ್ತಾ ಹೋಗುತ್ತದೆ, ದೀಪ ಮಿನುಗುತ್ತದೆ. ನಮಗೆ ಕೇಳಿಸುವ ‘ಟಿಕ್ ಟಿಕ್’ ಸದ್ದು ಇದರದ್ದೇ. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಇಂಡಿಕೇಟರ್ ನಿಮಿಷಕ್ಕೆ 60ರಿಂದ 120 ಬಾರಿ ಮಿನುಗಬೇಕು.

ಇದೆಲ್ಲ ನಿಂತಿರುವುದು ಕರೆಂಟಿನ ಪ್ರಮಾಣದ ಮೇಲೆ. 12 ವೋಲ್ಟ್ ಕಾರಿನಲ್ಲಿ ಮುಂದೊಂದು, ಹಿಂದೊಂದು 21 ವ್ಯಾಟ್ ಬಲ್ಬ್ ಇದ್ದರೆ ಒಟ್ಟು ಸುಮಾರು 3.5 ಆಂಪಿಯರ್ ಹರಿಯುತ್ತದೆ. ಒಂದು ಬಲ್ಬ್ ಸುಟ್ಟರೆ ಅದು ಅರ್ಧಕ್ಕೆ ಇಳಿಯುತ್ತದೆ. ಆಗ ಮಿನುಗುವ ವೇಗ ಬದಲಾಗಬಹುದು, ಇಲ್ಲವೇ ದೀಪ ಮಿನುಗದೆ ಸುಮ್ಮನೆ ಉರಿಯಬಹುದು.

ಸಲಹೆ 1: ಫ್ಲಾಶರ್ ಬದಲಿಸಿ

ಎಲ್ಲ ಸಂದರ್ಭಕ್ಕೂ ಇದು ಸರಿಯಲ್ಲ. ಎಡ, ಬಲ ಎರಡೂ ಬದಿಗೆ ಇರುವುದು ಒಂದೇ ಫ್ಲಾಶರ್. ಬಲಗಡೆ ಸರಿಯಾಗಿ ಮಿನುಗಿ ಎಡಗಡೆ ಮಾತ್ರ ತಪ್ಪುತ್ತಿದ್ದರೆ, ತೊಂದರೆ ಬಹುತೇಕ ಎಡಗಡೆಯ ಬಲ್ಬ್, ಹೋಲ್ಡರ್ ಅಥವಾ ವೈರಿನಲ್ಲಿರುತ್ತದೆ. ಎರಡೂ ಬದಿ ಕೆಲಸ ಮಾಡದಿದ್ದರೆ ಮೊದಲು ಫ್ಯೂಸ್, ಆಮೇಲೆ ಫ್ಲಾಶರ್ ಮತ್ತು ಸ್ವಿಚ್ ನೋಡಬೇಕು.

ಬಲ್ಬ್ ಸರಿಯಿದ್ದೂ ದೀಪ ಮಂಕಾಗಿದ್ದರೆ ಅರ್ತ್ ಮೇಲೆ ಅನುಮಾನ ಪಡಿ. ಕಾರಿನಲ್ಲಿ ಕರೆಂಟ್ ಬ್ಯಾಟರಿಗೆ ಮರಳುವುದು ಲೋಹದ ಬಾಡಿಯ ಮೂಲಕ. ಮಳೆನೀರು ಇಳಿದು ಹೋಲ್ಡರ್ ತುಕ್ಕು ಹಿಡಿದರೆ ಆ ದಾರಿ ಮುಚ್ಚುತ್ತದೆ. ಇಂಡಿಕೇಟರ್ ಹಾಕಿದಾಗ ಪಕ್ಕದ ಪಾರ್ಕಿಂಗ್ ದೀಪವೂ ಜೊತೆಗೆ ಮಿನುಗುತ್ತಿದ್ದರೆ ಅದು ಅರ್ತ್ ಕೆಟ್ಟಿರುವ ಲಕ್ಷಣ.

ಪರೀಕ್ಷೆ ಸುಲಭ. ಹೋಲ್ಡರಿನ ಲೋಹದ ಭಾಗದಿಂದ, ಬ್ಯಾಟರಿಯಲ್ಲಿ ಬಾಡಿಗೆ ಜೋಡಿಸಿರುವ ತುದಿಗೆ ಒಂದು ವೈರ್ ಮುಟ್ಟಿಸಿ. ದೀಪ ತಟ್ಟನೆ ಪ್ರಖರವಾದರೆ ದೋಷ ಅರ್ತ್‌ನದ್ದೇ. ಉಪ್ಪು ಕಾಗದದಿಂದ ತುಕ್ಕು ಉಜ್ಜಿ ಸ್ಕ್ರೂ ಬಿಗಿಗೊಳಿಸಿದರೆ ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ.

ಸಲಹೆ 2: ಎಲ್‌ಇಡಿ ಬಲ್ಬ್ ಹಾಕಿ

ಇದು ಅರ್ಧ ಸತ್ಯ. ಎಲ್‌ಇಡಿ ಎಳೆಯುವ ಕರೆಂಟ್ ತೀರಾ ಕಡಿಮೆ. ಹಳೆ ಫ್ಲಾಶರಿನ ಪಟ್ಟಿ ಅಷ್ಟಕ್ಕೆ ಬಿಸಿಯಾಗುವುದಿಲ್ಲ, ಹಾಗಾಗಿ ಇಂಡಿಕೇಟರ್ ಮಿನುಗದೇ ಇರಬಹುದು. ಬಲ್ಬ್ ಹೋದದ್ದನ್ನು ಗುರುತಿಸುವ ಎಲೆಕ್ಟ್ರಾನಿಕ್ ಫ್ಲಾಶರ್ ಇದ್ದರೆ, ಬಲ್ಬ್ ಸುಟ್ಟಿದೆ ಎಂದೇ ತಿಳಿದು ಅದು ವೇಗವಾಗಿ ಮಿನುಗುತ್ತದೆ.

ಇದಕ್ಕೆ ಪರಿಹಾರವಾಗಿ ಕೆಲವರು ರೆಸಿಸ್ಟರ್ ಜೋಡಿಸುತ್ತಾರೆ. ಅದು ಬಹಳ ಬಿಸಿಯಾಗುವುದರಿಂದ ಪ್ಲಾಸ್ಟಿಕ್ ಮತ್ತು ವೈರುಗಳ ಮೇಲೆ ಇಡಬಾರದು. ಎಲ್‌ಇಡಿಗೆಂದೇ ಸಿಗುವ ಫ್ಲಾಶರ್ ಹಾಕಿಸುವುದು ಒಳ್ಳೆಯದು.

ಸಲಹೆ 3: ಫ್ಯೂಸಿಗೆ ಬೆಳ್ಳಿ ಕಾಗದ ಸುತ್ತಿ

ಇದು ಅಪಾಯಕಾರಿ, ಮಾಡಲೇಬೇಡಿ. ಎಲ್ಲೋ ಶಾರ್ಟ್ ಆದಾಗ ವೈರ್ ಸುಡುವ ಮೊದಲು ತಾನು ಕರಗಿ ಕರೆಂಟ್ ತಡೆಯುವುದೇ ಫ್ಯೂಸಿನ ಕೆಲಸ. ಬೆಳ್ಳಿ ಕಾಗದ ಎಷ್ಟು ಆಂಪಿಯರಿಗೆ ಕರಗುತ್ತದೆ ಎಂಬ ಲೆಕ್ಕವಿಲ್ಲ. ದಶಕಗಳಷ್ಟು ಹಳೆಯ ವೈರಿನ ಹೊದಿಕೆ ಒಣಗಿ ಬಿರುಕು ಬಿಟ್ಟಿರುವಾಗ, ಡ್ಯಾಶ್‌ಬೋರ್ಡ್ ಹಿಂದೆ ಬೆಂಕಿ ಹೊತ್ತಿಕೊಳ್ಳಲು ಇಷ್ಟು ಸಾಕು. ಅದೇ ಆಂಪಿಯರಿನ ಹೊಸ ಫ್ಯೂಸ್ ಹಾಕಿ. ಅದೂ ಮತ್ತೆ ಹೋದರೆ ಎಲೆಕ್ಟ್ರಿಷಿಯನ್‌ಗೆ ತೋರಿಸಿ.

ಒಟ್ಟಾರೆ

ಮೊದಲು ಬಲ್ಬ್, ಆಮೇಲೆ ಅರ್ತ್, ನಂತರ ಫ್ಯೂಸ್, ಕೊನೆಗೆ ಫ್ಲಾಶರ್. ಎರಡೂ ಬದಿ ಒಟ್ಟಿಗೆ ನಿಂತಿದ್ದರೆ ಮಾತ್ರ ಫ್ಯೂಸಿನಿಂದ ಶುರುಮಾಡಿ. ರಿಪೇರಿ ಆಗುವವರೆಗೆ ತಿರುಗುವ ಮೊದಲು ಕೈಸನ್ನೆ ಮಾಡಿ, ರಾತ್ರಿ ಆ ಕಾರು ತೆಗೆಯಬೇಡಿ. ಕತ್ತಲಲ್ಲಿ ಕೈ ಕಾಣುವುದಿಲ್ಲ, ನೀವು ತಿರುಗುತ್ತೀರಿ ಎಂಬುದು ಹಿಂದಿನ ಬೈಕಿನವರಿಗೆ ಗೊತ್ತಾಗುವುದಿಲ್ಲ.