ಹೈಸ್ಕೂಲಿಗೆ ಬಸ್ ಹತ್ತಿದರೆ ಹಳ್ಳಿಯವರಲ್ಲವೇ?

ಸಿಇಟಿ ಸೀಸನ್ ಬಂತೆಂದರೆ ಸಿಂಧನೂರು, ಮಸ್ಕಿ ಕಡೆಯ ಅಪ್ಪಂದಿರು ಹೊಲದ ಕೆಲಸ ಬಿಟ್ಟು ಲಿಂಗಸುಗೂರಿನ ಬಸ್ ಹತ್ತುತ್ತಾರೆ. 371(ಜೆ) ಅರ್ಹತಾ ಪ್ರಮಾಣಪತ್ರ ಕೊಡುವ ಸಹಾಯಕ ಆಯುಕ್ತರ ಕಚೇರಿ ಇರುವುದು ಅಲ್ಲಿ. ಆ ಓಡಾಟ ದಂಡವಲ್ಲ. ಕಲ್ಯಾಣ ಕರ್ನಾಟಕದೊಳಗಿನ ಕಾಲೇಜುಗಳಲ್ಲಿ ಶೇ 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8 ಸೀಟು ನಮ್ಮ ಭಾಗದವರಿಗೆ ಮೀಸಲು.

ನಮ್ಮ ತಕರಾರು ಇನ್ನೊಂದು ಸರ್ಟಿಫಿಕೇಟಿನದು. ಸಿಇಟಿ ಸೀಟು ಹಂಚುವಾಗ ಪ್ರತಿ ವರ್ಗದಲ್ಲೂ ಶೇ 15 ಸೀಟು ಗ್ರಾಮೀಣ ಕೋಟಾಕ್ಕೆ ಇರುತ್ತದೆ. ಮುಖ್ಯ ಷರತ್ತು, 1ರಿಂದ 10ನೇ ತರಗತಿವರೆಗೆ ಹತ್ತೂ ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು. ಅದಕ್ಕೆ ಬಿಇಒ ಸಹಿ ಬೇಕು.

ಎಡವಟ್ಟಾಗುವುದು ಇಲ್ಲೇ. ಮಸ್ಕಿ ಹತ್ತಿರದ ಒಂದು ಸಣ್ಣ ಊರು ಅಂದುಕೊಳ್ಳಿ. ಊರ ಶಾಲೆ ಏಳನೇ ಕ್ಲಾಸಿಗೆ ಮುಗಿಯುತ್ತದೆ. ಎಂಟನೆಯದಕ್ಕೆ ಹುಡುಗಿ ಮಸ್ಕಿಗೆ ಬರುತ್ತಾಳೆ. ಬಸ್ ಸಿಕ್ಕರೆ ಬಸ್ಸು, ಇಲ್ಲದಿದ್ದರೆ ಟಂಟಂ. ಸಂಜೆ ಮತ್ತೆ ಅದೇ ಮನೆ, ಅದೇ ದನದ ಕೆಲಸ, ಅದೇ ಕರೆಂಟಿನ ಕಾಟ. ಆದರೆ ಮಸ್ಕಿ ಪುರಸಭೆ. ಹಾಗಾಗಿ ಆ ಮೂರು ವರ್ಷ ಕಾಗದದಲ್ಲಿ ಅವಳು ಪಟ್ಟಣದವಳು, ಕೋಟಾ ಹೋಯಿತು. ಇತ್ತ ಸಿಂಧನೂರು ಪೇಟೆಯ ಹುಡುಗ ಊರಾಚೆ ಪಂಚಾಯಿತಿ ಹದ್ದಿನೊಳಗಿನ ಖಾಸಗಿ ಶಾಲೆಗೆ ಹತ್ತು ವರ್ಷ ವ್ಯಾನಿನಲ್ಲಿ ಹೋಗಿ ಬಂದರೆ ಅವನು ಗ್ರಾಮೀಣ! ತಪ್ಪು ಆ ಹುಡುಗನದಲ್ಲ, ಅಳತೆಗೋಲಿನದು.

371(ಜೆ)ನಲ್ಲಿ ಹುಟ್ಟಿದ್ದೆಲ್ಲಿ, ನೆಲೆಸಿದ್ದೆಲ್ಲಿ, ತಂದೆತಾಯಿ ಎಲ್ಲಿಯವರು ಎಂದು ಕೇಳುತ್ತಾರೆ. ಗ್ರಾಮೀಣ ಕೋಟಾದಲ್ಲಿ ಶಾಲೆ ಎಲ್ಲಿತ್ತು ಎಂಬುದೊಂದೇ ಲೆಕ್ಕ. ವಿಳಾಸ ನೋಡಿದರೆ ಸುಳ್ಳು ವಿಳಾಸ ತರುವವರು ಹುಟ್ಟಿಕೊಳ್ಳುತ್ತಾರೆ ಎಂಬ ಮಾತನ್ನು ನಾವೂ ಒಪ್ಪುತ್ತೇವೆ. ಹಾಗಾದರೆ ವಿಳಾಸ ಬೇಡ. ಏಳನೆಯವರೆಗೆ ಹಳ್ಳಿಯಲ್ಲೇ ಓದಿದ, ಆದರೆ ತನ್ನ ಪಂಚಾಯಿತಿಯಲ್ಲಿ ಸರ್ಕಾರಿ ಹೈಸ್ಕೂಲೇ ಇಲ್ಲದ ಮಗುವಿಗೆ ಮಾತ್ರ ಆ ಮೂರು ವರ್ಷ ಮಾಫಿ ಮಾಡಲಿ. ಯಾವ ಊರಲ್ಲಿ ಹೈಸ್ಕೂಲಿಲ್ಲ ಎಂಬುದು ಶಿಕ್ಷಣ ಇಲಾಖೆಗೆ ಯಾರೂ ಹೇಳಿಕೊಡಬೇಕಿಲ್ಲ. ಹೈಸ್ಕೂಲು ಕೊಡದಿದ್ದದ್ದು ಸರ್ಕಾರ, ಸೀಟು ಕಳೆದುಕೊಳ್ಳುವುದು ಹುಡುಗಿ ಅಂದರೆ ಯಾವ ನ್ಯಾಯ?

ನಿಯಮ ಬದಲಾಗುವವರೆಗೆ ಒಂದು ಮಾತು. ಏಳನೇ ಮುಗಿದ ಮಕ್ಕಳ ಟಿಸಿ ತರುವ ಮೊದಲು, ಸೇರಿಸಲಿರುವ ಶಾಲೆ ಪಂಚಾಯಿತಿ ಹದ್ದಿನಲ್ಲಿದೆಯೋ ಪುರಸಭೆ ಹದ್ದಿನಲ್ಲಿದೆಯೋ ವಿಚಾರಿಸಿ. ಪಟ್ಟಣದಲ್ಲಿ ಓದಿದ್ದರೂ 1ರಿಂದ 10 ಪೂರ್ತಿ ಕನ್ನಡ ಮಾಧ್ಯಮವಾಗಿದ್ದರೆ ಅದಕ್ಕೆ ಬೇರೆಯೇ ಶೇ 5 ಕೋಟಾ ಇದೆ. ಅರ್ಜಿಯಲ್ಲಿ ಅದನ್ನು ಕೇಳುವುದು ಮರೆಯಬೇಡಿ.