ಹೊಳೆಗೆ ಹೊರಟ ಚೀಲ ಯಾರ ಜೇಬಿಗೆ ಭಾರ?

ಪ್ರಥಮ ಪಿಯುಸಿ ವಿದ್ಯಾರ್ಥಿಗಳಿಗೆ ಈ ಡಿಸೆಂಬರ್‌ನಲ್ಲೂ ಮೂರು ದಿನಗಳ ಜಲಸಾಹಸ ಶಿಬಿರ ಇದೆ ಎಂದು ಸೂಚನಾ ಫಲಕದಲ್ಲಿ ಹಾಕಿದ್ದಾರೆ. ಸ್ಥಳ ಕಳೆದ ವರ್ಷದ್ದೇ: ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹೊನ್ನೇಮರಡು, ಶರಾವತಿಯ ಹಿನ್ನೀರು. ಸೂಚನೆಯ ಕೆಳಗೆ ತರಬೇಕಾದ ಸಾಮಾನುಗಳ ಪಟ್ಟಿ ಇದೆ. ಒಟ್ಟು ಇಪ್ಪತ್ತಾರು ವಸ್ತುಗಳು, ಎಲ್ಲವೂ ಇಂಗ್ಲಿಷಿನಲ್ಲಿ. ಆ ಪಟ್ಟಿಯ ಬಗ್ಗೆ ನನಗೆ ತಕರಾರಿದೆ.

ಕಳೆದ ವರ್ಷ ಹೋಗಿ ಬಂದವರಲ್ಲಿ ನಾನೂ ಒಬ್ಬಳು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂದು ಸುಮ್ಮನಿದ್ದು ಬೋರ್ಡ್ ಪರೀಕ್ಷೆಗೆ ಓದಿಕೊಳ್ಳಬಹುದಿತ್ತು. ಆದರೆ ಕಳೆದ ಸಲ ಹೆಸರು ಕೊಟ್ಟಿದ್ದವರಲ್ಲಿ ನಮ್ಮ ವಿಭಾಗದ ಎಂಟು ಮಂದಿ ಕೊನೆಯ ವಾರದಲ್ಲಿ ಹಿಂದೆ ಸರಿದಿದ್ದು ನನಗೆ ನೆನಪಿದೆ. ಶಿಬಿರದ ಶುಲ್ಕವನ್ನು ಎರಡು ಕಂತಿನಲ್ಲಿ ಕಟ್ಟಲು ಅವಕಾಶವಿತ್ತು. ಆದರೆ ಅಂಗಡಿಯಲ್ಲಿ ಕಂತು ನಡೆಯುವುದಿಲ್ಲ. ವಾಟರ್‌ಪ್ರೂಫ್ ಚೀಲ, ಬೇಗ ಒಣಗುವ ಬಟ್ಟೆ, ನೀರಿಗೆ ಹಾಕುವ ಶೂ, ಸ್ಲೀಪಿಂಗ್ ಬ್ಯಾಗ್, ತಲೆಗೆ ಕಟ್ಟುವ ಟಾರ್ಚ್ ಇವನ್ನೆಲ್ಲ ಕೂಡಿಸಿದರೆ ಶುಲ್ಕವನ್ನೂ ಮೀರುತ್ತಿತ್ತು. ಯಾರೂ ಹಣವಿಲ್ಲ ಎಂದು ಹೇಳಲಿಲ್ಲ. ಒಬ್ಬಳು ಜ್ವರ ಅಂದಳು, ಒಬ್ಬ ಊರಿನಲ್ಲಿ ಮದುವೆ ಅಂದ. ಸಾಮಾನಿನ ಪಟ್ಟಿಯೊಂದು ಯಾರು ಬರಬಹುದು, ಯಾರು ಬರಬಾರದು ಎಂದು ತೀರ್ಮಾನಿಸುವಂತಾಗಬಾರದು ಎಂಬುದೇ ನನ್ನ ವಾದ.

ವಾಣಿಜ್ಯ ವಿಭಾಗದವಳು, ಹಾಗಾಗಿ ಲೆಕ್ಕದಿಂದಲೇ ಹೇಳುತ್ತೇನೆ. ನೀರು ಹೋಗದ ಒಂದು ಚೀಲಕ್ಕೆ 800 ರೂಪಾಯಿ ಎಂದಿಟ್ಟುಕೊಳ್ಳಿ. ನಲವತ್ತು ಮಂದಿ ಕೊಂಡರೆ 32,000 ರೂಪಾಯಿ. ಮೂರು ದಿನ ಬಳಸಿ ಅಟ್ಟದ ಮೇಲೆ ಹಾಕುವ ವಸ್ತುವಿಗೆ ಇಷ್ಟು ಖರ್ಚು. ಅದರ ಬದಲು ನಾಲ್ಕು ಜನರಿಗೆ ಒಂದರಂತೆ ಹತ್ತು ದೊಡ್ಡ ಚೀಲಗಳನ್ನು ತಲಾ 1,500 ರೂಪಾಯಿಗೆ ಕಾಲೇಜೇ ಕೊಂಡರೆ 15,000 ರೂಪಾಯಿ. ಐದು ವರ್ಷ ಬಾಳಿಕೆ ಎಂದು ನೇರ ಸವಕಳಿ ಹಾಕಿದರೆ ವರ್ಷಕ್ಕೆ 3,000, ಅಂದರೆ ಒಬ್ಬ ವಿದ್ಯಾರ್ಥಿಗೆ 75 ರೂಪಾಯಿ. ನಮ್ಮ ಅಕೌಂಟೆನ್ಸಿ ಪುಸ್ತಕದ ಸವಕಳಿ ಅಧ್ಯಾಯ ಇಷ್ಟಕ್ಕಾದರೂ ಉಪಯೋಗಕ್ಕೆ ಬರಲಿ.

ಇನ್ನು, ಆ ಪಟ್ಟಿಯಲ್ಲಿರುವ ಎಲ್ಲವೂ ಬೇಕೇ? ಹಿನ್ನೀರಿನಲ್ಲಿ ಮೂರು ದಿನ ಇದ್ದು ಬಂದ ಮೇಲೆ ನನಗೆ ತಿಳಿದದ್ದು ಇಷ್ಟು. ಒಬ್ಬರಿಗೆ ಎರಡೇ ಜೊತೆ ಬಟ್ಟೆ ಸಾಕು. ಒಂದು ದೋಣಿಯಲ್ಲಿ ಹಾಕುವುದಕ್ಕೆ. ಅದು ದಿನವೂ ನೆನೆಯುತ್ತದೆ, ನೆನೆಯಲಿ. ಇನ್ನೊಂದು ರಾತ್ರಿ ಡೇರೆಯಲ್ಲಿ ಹಾಕುವುದಕ್ಕೆ. ಅದನ್ನು ಏನೇ ಆದರೂ ನೀರಿನ ಹತ್ತಿರ ತರಬಾರದು. ಡಿಸೆಂಬರ್‌ನ ಮಲೆನಾಡಿನ ಚಳಿಯಲ್ಲಿ ಒಣ ಬಟ್ಟೆಯೇ ಅರ್ಧ ಕಂಬಳಿ. ಜೀನ್ಸ್ ಬೇಡವೇ ಬೇಡ. ನೆನೆದರೆ ಕಲ್ಲಿನಂತೆ ಭಾರವಾಗುತ್ತದೆ, ಎರಡು ದಿನವಾದರೂ ಒಣಗುವುದಿಲ್ಲ. ದಪ್ಪ ಹತ್ತಿ ಬಟ್ಟೆಯೂ ಹಾಗೆಯೇ. ಆಟದ ಪೀರಿಯಡ್‌ಗೆ ಹಾಕುವ ಪಾಲಿಯೆಸ್ಟರ್ ಟ್ರ್ಯಾಕ್ ಪ್ಯಾಂಟ್, ತುಂಬುತೋಳಿನ ಟೀ ಶರ್ಟ್ ಸಾಕು. ಅವು ಎಲ್ಲರ ಮನೆಯಲ್ಲೂ ಇವೆ.

ವಾಟರ್‌ಪ್ರೂಫ್ ಚೀಲ ಸಿಗದಿದ್ದರೆ ಮುಚ್ಚಳ ಬಿಗಿಯಾಗಿ ಕೂರುವ 20 ಲೀಟರಿನ ಪೇಂಟ್ ಡಬ್ಬವನ್ನು ತೊಳೆದು ಒಣಗಿಸಿ. ಅದರೊಳಗೆ ದಪ್ಪ ಪ್ಲಾಸ್ಟಿಕ್ ಚೀಲ ಇಟ್ಟು ಬಟ್ಟೆ ತುಂಬಿ, ಗಾಳಿ ಹೊರಹಾಕಿ, ಬಾಯಿ ತಿರುಚಿ ಮಡಚಿ ರಬ್ಬರ್ ಬ್ಯಾಂಡ್ ಹಾಕಿ. ಹೊರಡುವ ಮೊದಲು ಒಳಗೆ ಹಳೆಯ ಪತ್ರಿಕೆ ಇಟ್ಟು ಮನೆಯ ನೀರಿನ ಡ್ರಮ್ಮಿನಲ್ಲಿ ಐದು ನಿಮಿಷ ಒತ್ತಿ ಹಿಡಿಯಿರಿ. ಪತ್ರಿಕೆ ಒಣಗಿದ್ದರೆ ಡಬ್ಬ ಪಾಸು.

ತುಂಬುವ ಕ್ರಮವನ್ನು ನಾನು ಕಲಿತದ್ದು ಅಬ್ಬಾರಿಂದ. ಅವರು ಮಡಿವಾಳ ಮಾರ್ಕೆಟ್‌ನಿಂದ ತರಕಾರಿ ಸಾಗಿಸುವ ಲಗೇಜ್ ಆಟೋ ಓಡಿಸುತ್ತಾರೆ. 'ಭಾರೀ ನೀಚೆ, ಹಲ್ಕಾ ಊಪರ್' ಎಂಬುದು ಅವರ ಮಾತು. ಆಲೂಗಡ್ಡೆ ಕೆಳಗೆ, ಕೊತ್ತಂಬರಿ ಮೇಲೆ. ದೋಣಿಗೂ ಅದೇ ನಿಯಮ. ಅಕ್ಕಿ, ಪಾತ್ರೆಯಂಥ ಭಾರದ ಸಾಮಾನು ತಳಕ್ಕೆ, ನಡುವಿಗೆ. ಒಂದು ಕಡೆಗೆ ಹೆಚ್ಚಾದರೆ ದೋಣಿ ವಾಲುತ್ತದೆ. ಹರಿಗೋಲಂತೂ ದುಂಡಗೆ ಇರುವುದರಿಂದ ಇನ್ನೂ ಸೂಕ್ಷ್ಮ. ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ತುಂಗಭದ್ರೆ ದಾಟಲು ಬಳಸುತ್ತಿದ್ದ ಬುಟ್ಟಿಯಂಥ ದುಂಡು ದೋಣಿಗಳ ಬಗ್ಗೆ ಬರೆದಿದ್ದಾನೆ. ಅವುಗಳಲ್ಲಿ ಕುದುರೆ, ಎತ್ತುಗಳನ್ನೂ ದಾಟಿಸುತ್ತಿದ್ದರಂತೆ. ಬಿದಿರು, ಚರ್ಮದ ಬುಟ್ಟಿಯಲ್ಲಿ ಎತ್ತು ದಾಟಿಸಿದ ನಾಡಿನವರು ನಾವು, ಬ್ರ್ಯಾಂಡ್ ಚೀಲವಿಲ್ಲದೆ ಹೊಳೆಗೆ ಇಳಿಯಲಾಗದು ಎನ್ನುವುದು ಸರಿಯೇ?

ನೀರಿನ ಲೆಕ್ಕವನ್ನೂ ಮರೆಯಬೇಡಿ. ದಿನಕ್ಕೆ ಮೂರು ಲೀಟರ್ ಅಂದರೂ ಮೂರು ದಿನಕ್ಕೆ ಒಬ್ಬರಿಗೆ ಒಂಬತ್ತು ಕಿಲೋ. ಅಷ್ಟನ್ನು ಹೊತ್ತೊಯ್ಯುವ ಬದಲು ಅಲ್ಲೇ ನೀರನ್ನು ಕಳಕಳನೆ ಕುದಿಸಿ ಆರಿಸಿ ತುಂಬಿಕೊಳ್ಳಲು ತಂಡಕ್ಕೊಂದು ದೊಡ್ಡ ಪಾತ್ರೆ ಬೇಕು. ತಿನ್ನಲು ಅವಲಕ್ಕಿ, ಕಡಲೆಕಾಯಿ ಚಿಕ್ಕಿ, ಹುರಿಗಡಲೆ, ಖರ್ಜೂರ ಇದ್ದರೆ ಸಾಕು. ಚಿಪ್ಸ್ ಪೊಟ್ಟಣಗಳು ಚೀಲದಲ್ಲಿ ಅರ್ಧ ಜಾಗವನ್ನು ಗಾಳಿಯಿಂದ ತುಂಬುತ್ತವೆ, ಖಾಲಿಯಾದ ಮೇಲೆ ಕಸವಾಗುತ್ತವೆ. ನಮಾಜಿಗೆ ಭಾರದ ಮುಸಲ್ಲಾ ಬೇಡ, ತೆಳುವಾದದ್ದು ಸಾಕು. ಪ್ರಯಾಣಿಕರಿಗೆ ನಾಲ್ಕು ರಕಅತ್‌ನ ನಮಾಜನ್ನೇ ಎರಡಕ್ಕೆ ಇಳಿಸಿ ಸುಲಭ ಮಾಡಲಾಗಿದೆ. ನಮ್ಮ ಚೀಲವೂ ಅಷ್ಟೇ ಹಗುರವಾಗಲಿ.

ಆದರೆ ಕೆಲವು ವಿಷಯಗಳಲ್ಲಿ ಉಳಿತಾಯ ಕೂಡದು. ಮೊದಲನೆಯದು ಲೈಫ್ ಜಾಕೆಟ್. ಅದನ್ನು ಶಿಬಿರದಲ್ಲೇ ಕೊಡುತ್ತಾರೆ, ಆದರೆ ಮೈಗೆ ಸರಿಹೊಂದುತ್ತದೆಯೇ ಎಂದು ನೋಡಿಕೊಳ್ಳುವುದು ನಮ್ಮ ಕೆಲಸ. ಬಕಲ್ ಹಾಕಿದ ಮೇಲೆ ಗೆಳತಿಗೆ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆಯಲು ಹೇಳಿ. ಅದು ಗಲ್ಲ ದಾಟಿ ಕಿವಿಯವರೆಗೆ ಬಂದರೆ ಸಡಿಲವಾಗಿದೆ ಎಂದರ್ಥ. ಈಜು ಬಂದರೂ ಕಳಚಬಾರದು. ದುಪಟ್ಟಾ, ಸಡಿಲವಾದ ಬುರ್ಖಾ ನೀರಿನಲ್ಲಿ ಕೈಕಾಲಿಗೆ ಸುತ್ತಿಕೊಳ್ಳುತ್ತವೆ. ತಲೆಗೆ ಬಿಗಿಯಾಗಿ ಕೂರುವ, ಪಿನ್ ಇಲ್ಲದ ನೈಲಾನ್ ಸ್ಕಾರ್ಫ್ ಸಾಕು. ತುಂಬುತೋಳು, ಟ್ರ್ಯಾಕ್ ಪ್ಯಾಂಟ್ ಹಾಕಿದರೆ ಮೈಯೂ ಮುಚ್ಚುತ್ತದೆ, ಜೀವಕ್ಕೂ ಅಪಾಯವಿಲ್ಲ. ಇದನ್ನು ಮೇಡಂ ಒಬ್ಬರು ಮನೆಯವರಿಗೆ ಮೊದಲೇ ವಿವರಿಸಿದರೆ ಎಷ್ಟೋ ಹುಡುಗಿಯರಿಗೆ ಅನುಮತಿ ಸಿಗುತ್ತದೆ.

ಎರಡನೆಯದು, ನಮ್ಮ ಪಟ್ಟಿಯಲ್ಲಿ ಇಲ್ಲದೇ ಇರುವುದು. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಅದರಿಂದ ಹಲವರು ಸತ್ತರು. ಉಣುಗು ಕಚ್ಚುವುದರಿಂದ ಹರಡುವ ಈ ಕಾಯಿಲೆ ಹೆಚ್ಚಾಗಿ ಕಾಣಿಸುವುದು ಡಿಸೆಂಬರ್‌ನಿಂದ ಮೇವರೆಗೆ. ಆದ್ದರಿಂದ ಹುಡುಗರಿಗೂ ಚಡ್ಡಿ ಬೇಡ. ತುಂಬುತೋಳು, ಕಾಲುಚೀಲದೊಳಗೆ ಸಿಕ್ಕಿಸಿದ ಪ್ಯಾಂಟ್, ಉಣುಗು ತಡೆಯುವ ಎಣ್ಣೆ, ರಾತ್ರಿ ಮಲಗುವ ಮುಂಚೆ ಮೈ ನೋಡಿಕೊಳ್ಳುವುದು, ಇವೆಲ್ಲ ಕಡ್ಡಾಯವಾಗಲಿ. ಬಂದ ಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಬೇಕು. ಈ ಒಂದು ಸಾಲು ಟಾರ್ಚಿನ ಕಂಪನಿಯ ಹೆಸರಿಗಿಂತ ಮುಖ್ಯವಲ್ಲವೇ?

ಮನೆಯವರ ಭಯವನ್ನೂ ತಿಳಿಯಬೇಕು. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸಕ್ಕೆ ಹೋಗಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಲ್ಲಿ ಮುಳುಗಿ ತೀರಿಕೊಂಡರು. ಆ ಸುದ್ದಿ ನಮ್ಮ ಅಮ್ಮಿಯ ಮನಸ್ಸಿನಿಂದ ಇನ್ನೂ ಹೋಗಿಲ್ಲ. ಅಮ್ಮಿಗೆ ಉರ್ದು ಓದಲು ಬರುತ್ತದೆ, ಕನ್ನಡ ನಿಧಾನವಾಗಿ ಓದುತ್ತಾರೆ, ಇಂಗ್ಲಿಷ್ ಬರುವುದಿಲ್ಲ. ಏನು ಬರೆದಿದೆ ಎಂದು ತಿಳಿಯದ ಕಾಗದಕ್ಕೆ ಸಹಿ ಹಾಕಿ ಮಗಳನ್ನು ನೀರಿಗೆ ಕಳಿಸಿ ಎಂದರೆ ಯಾವ ತಾಯಿ ಒಪ್ಪುತ್ತಾರೆ?

ಸ್ವಂತ ಸಾಮಾನು ತಂದರೆ ಜವಾಬ್ದಾರಿ ಬರುತ್ತದೆ, ಎಲ್ಲರದ್ದೂ ಎಂದರೆ ಯಾರದ್ದೂ ಅಲ್ಲ, ಹಾಳಾಗುತ್ತದೆ ಎಂದು ಕೆಲವು ಉಪನ್ಯಾಸಕರು ಹೇಳುತ್ತಾರೆ. ಅದರಲ್ಲಿ ಸತ್ಯವಿದೆ. ಆದರೆ ಗ್ರಂಥಾಲಯದ ಪುಸ್ತಕವೂ ಎಲ್ಲರದ್ದೇ. ರಿಜಿಸ್ಟರ್ ಇದೆ, ದಂಡ ಇದೆ, ಹಾಗಾಗಿ ಪುಸ್ತಕ ಉಳಿದಿದೆ. ಇದಕ್ಕೂ ದಾಸ್ತಾನು ಪುಸ್ತಕ ಇಟ್ಟರಾಯಿತು. ವಾಣಿಜ್ಯ ವಿದ್ಯಾರ್ಥಿಗಳಾದ ನಾವೇ ಅದನ್ನು ಬರೆಯುತ್ತೇವೆ. ತಂಡದ ನಾಲ್ಕು ಜನ ಒಂದೇ ಚೀಲದಲ್ಲಿ ತುಂಬುವಾಗ ನಿನಗೆ ಇದು ಬೇಕಾ, ನನಗೆ ಅದು ಬೇಡ ಎಂದು ಮಾತಾಡಿಕೊಳ್ಳುವುದರಲ್ಲೂ ಜವಾಬ್ದಾರಿಯ ಪಾಠವಿದೆ.

ಪ್ರಾಂಶುಪಾಲರಲ್ಲಿ ಮತ್ತು ವಿದ್ಯಾರ್ಥಿ ಸಂಘದಲ್ಲಿ ನನ್ನ ಕೋರಿಕೆ ಮೂರು. ಪಟ್ಟಿಯನ್ನು ಮೂರು ಭಾಗ ಮಾಡಿ: ವಿದ್ಯಾರ್ಥಿ ತರುವುದು, ತಂಡ ತರುವುದು, ಕಾಲೇಜು ಕೊಡುವುದು. ಅದನ್ನು ಕನ್ನಡ ಮತ್ತು ಉರ್ದುವಿನಲ್ಲಿಯೂ ಅಚ್ಚು ಹಾಕಿಸಿ. ಹೊರಡುವ ಹಿಂದಿನ ಶನಿವಾರ ಪೋಷಕರನ್ನೂ ಕರೆದು ಒಂದು ಗಂಟೆ ಚೀಲ ತುಂಬುವುದನ್ನು, ಲೈಫ್ ಜಾಕೆಟ್ ಕಟ್ಟುವುದನ್ನು ಮಾಡಿ ತೋರಿಸಿ.

ಹೋಗುವ ತಮ್ಮ ತಂಗಿಯರಿಗೆ ಒಂದು ಮಾತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿ ಕಣಿವೆಯ ಊರುಗಳು ಮುಳುಗಿದವು. ಮನೆ, ತೋಟ ಬಿಟ್ಟು, ಹೊರಲಾದಷ್ಟು ಮಾತ್ರ ಕಟ್ಟಿಕೊಂಡು ಜನ ಹೊರಟರು. ನೀವು ಹುಟ್ಟು ಹಾಕುವುದು ಆ ನೀರಿನ ಮೇಲೆ. ಅಲ್ಲಿ ನಿಮ್ಮ ಕಸ ಬಿಟ್ಟು ಬರಬೇಡಿ. ಚೀಲದಲ್ಲಿ ಒಂದು ಖಾಲಿ ಗೋಣಿಗೆ ಜಾಗ ಇಡಿ, ಕಸವನ್ನೆಲ್ಲ ಅದರಲ್ಲಿ ತುಂಬಿ ಮಡಿವಾಳಕ್ಕೆ ವಾಪಸ್ ತನ್ನಿ.